ಆರು ತಿಂಗಳ ಮಗುವಿಗೆ ಕಡಲೆಕಾಯಿ, ಮೊಟ್ಟೆ: ಅಲರ್ಜಿ ಬರದಿರಲು ಬೇಗ ಕೊಡಬೇಕಾ, ಕಾಯಬೇಕಾ?

ಚಿಗುರಮ್ಮ (ಬೆಂಗಳೂರು)

ಮಗಳಿಗೆ ಆರು ತಿಂಗಳು ತುಂಬುತ್ತಾ ಬಂತು. ಹೊರನಾಡಿಗೆ ಹೋಗಿ ಅನ್ನಪ್ರಾಶನ ಮಾಡಿಸಿ, ಆಮೇಲೆ ರಾಗಿ ಸರಿ ಶುರು ಮಾಡೋಣ ಅಂತ ಅತ್ತೆ ಹೇಳಿದ್ದಾರೆ. ಅದಕ್ಕೆ ನನ್ನದೇನೂ ತಕರಾರಿಲ್ಲ. ಗೊಂದಲ ಇರುವುದು ಕಡಲೆಕಾಯಿ, ಮೊಟ್ಟೆ ವಿಷಯದಲ್ಲಿ.

ನಮ್ಮ ಅತ್ತಿಗೆ ಅಮೆರಿಕದಲ್ಲಿದ್ದಾರೆ. ಅವರ ಮಗ ಹುಟ್ಟಿದ್ದು 2004ರಲ್ಲಿ. ಮನೆಯಲ್ಲಿ ಅಲರ್ಜಿ ಇದೆ ಅಂತ ಅಲ್ಲಿನ ಡಾಕ್ಟರು ಎರಡು ವರ್ಷದವರೆಗೆ ಮೊಟ್ಟೆ ಬೇಡ, ಮೂರು ವರ್ಷದವರೆಗೆ ಕಡಲೆಕಾಯಿ ಬೇಡ ಅಂದಿದ್ದರಂತೆ. "ಅವಸರ ಮಾಡಬೇಡ" ಅಂತ ಫೋನ್ ಮಾಡಿದಾಗಲೆಲ್ಲ ಹೇಳುತ್ತಾರೆ. ನಮ್ಮ ಮಕ್ಕಳ ಡಾಕ್ಟರು ನೋಡಿದರೆ ವರ್ಷ ತುಂಬುವುದರೊಳಗೆ ಎರಡನ್ನೂ ಕೊಡಿ ಅನ್ನುತ್ತಾರೆ. ಮಗಳ ಕೆನ್ನೆ, ಮೊಣಕಾಲಿನ ಹಿಂಭಾಗ ಒಣಗಿ ಕೆಂಪಾಗುತ್ತದೆ, ಕೆರೆದುಕೊಳ್ಳುತ್ತಾಳೆ. ಯಜಮಾನರಿಗೆ ಚಿಕ್ಕಂದಿನಿಂದ ವೀಸಿಂಗ್ ಇದೆ. ನಾವು ಮೊಟ್ಟೆ ತಿನ್ನುತ್ತೇವೆ, ಮಾಂಸ ಇಲ್ಲ. ಕೊಡಬೇಕಾ, ಕಾಯಬೇಕಾ? ಕೊಡುವುದಾದರೆ ಹೇಗೆ?

ಲಂಡನ್_ಗೌಡ (ಊರು ಮಂಡ್ಯ)

ನಿಮ್ಮ ಅತ್ತಿಗೆ ಹೇಳಿದ್ದು ಸುಳ್ಳಲ್ಲ, ಹಳತು ಅಷ್ಟೇ. ಅಲರ್ಜಿ ಬರುವ ಸಂಭವ ಜಾಸ್ತಿ ಇರುವ ಮಕ್ಕಳಿಗೆ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಅದನ್ನೇ ಹೇಳಿತ್ತು. ಇಲ್ಲಿ ಬ್ರಿಟನ್‌ನಲ್ಲಿ 1998ರಲ್ಲೇ ಅಂಥ ಸಲಹೆ ಇತ್ತು. ತಿನ್ನದೇ ಇದ್ದರೆ ಅಲರ್ಜಿ ಎಲ್ಲಿಂದ ಬರುತ್ತದೆ ಅನ್ನುವ ಲೆಕ್ಕಾಚಾರ. ಜನ ಬಿಟ್ಟರು, ಅಲರ್ಜಿ ಬಿಡಲಿಲ್ಲ. ಅಮೆರಿಕ 2008ರಲ್ಲಿ, ಬ್ರಿಟನ್ 2009ರಲ್ಲಿ ಆ ಮಾತನ್ನು ವಾಪಸ್ ತೆಗೆದುಕೊಂಡವು.

ಸುಳಿವು ಸಿಕ್ಕಿದ್ದು ಇಸ್ರೇಲ್‌ನಿಂದ. ಅಲ್ಲಿ ಬಾಂಬಾ ಅಂತ ಒಂದು ತಿಂಡಿ ಇದೆ. ಬಾಯಲ್ಲಿಟ್ಟರೆ ಕರಗುವ ಕಡಲೆಕಾಯಿ ಪಫ್. ಹಲ್ಲು ಬರುವ ಮುಂಚೆಯೇ ಮಕ್ಕಳ ಕೈಗೆ ಕೊಡುತ್ತಾರೆ. ಲಂಡನ್‌ನ ಕಿಂಗ್ಸ್ ಕಾಲೇಜಿನ ಗಿಡಿಯನ್ ಲ್ಯಾಕ್ ಮತ್ತು ತಂಡದವರು ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಇಸ್ರೇಲಿನ ಯಹೂದಿ ಮಕ್ಕಳನ್ನೂ ಹೋಲಿಸಿ ನೋಡಿದರು. 2008ರಲ್ಲಿ ಫಲಿತಾಂಶ ಬಂತು. ಕಡಲೆಕಾಯಿ ಅಲರ್ಜಿ ಬ್ರಿಟನ್ನಿನಲ್ಲಿ ಶೇ. 1.85, ಇಸ್ರೇಲಿನಲ್ಲಿ ಶೇ. 0.17. ಒಂದೇ ಸಮುದಾಯ, ಹತ್ತು ಪಟ್ಟು ವ್ಯತ್ಯಾಸ.

ಬರೀ ಹೋಲಿಕೆ ಸಾಕಾಗಲ್ಲ ಅಂತ ಅವರೇ ಮುಂದೆ ಲೀಪ್ ಅನ್ನುವ ಪ್ರಯೋಗ ಮಾಡಿದರು. ಜೋರಾದ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ತೊಂದರೆ) ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಮಕ್ಕಳು. ಅರ್ಧ ಮಕ್ಕಳಿಗೆ ಐದು ವರ್ಷದವರೆಗೆ ಕಡಲೆಕಾಯಿ ಪೂರ್ತಿ ಬಂದ್. ಉಳಿದರ್ಧಕ್ಕೆ ವಾರಕ್ಕೆ ಕನಿಷ್ಠ ಮೂರು ಸಲ ಕೊಡಬೇಕು. 2015ರಲ್ಲಿ ಲೆಕ್ಕ ಹೊರಬಿತ್ತು. ಶುರುವಿನಲ್ಲಿ ಸ್ಕಿನ್ ಟೆಸ್ಟ್ (ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ) ನೆಗೆಟಿವ್ ಇದ್ದ ಮಕ್ಕಳಲ್ಲಿ, ತಿನ್ನದವರ ಪೈಕಿ ಶೇ. 13.7ಕ್ಕೆ ಅಲರ್ಜಿ, ತಿಂದವರ ಪೈಕಿ ಶೇ. 1.9ಕ್ಕೆ ಮಾತ್ರ. ಟೆಸ್ಟ್ ಸ್ವಲ್ಪ ಪಾಸಿಟಿವ್ ಇದ್ದವರಲ್ಲೂ 35.3 ಇದ್ದದ್ದು 10.6ಕ್ಕೆ ಇಳಿಯಿತು. ಅದೇ ಮಕ್ಕಳನ್ನು ಹನ್ನೆರಡು-ಹದಿಮೂರು ವಯಸ್ಸಿನಲ್ಲಿ ಮತ್ತೆ ನೋಡಿ 2024ರಲ್ಲಿ ಬರೆದರು. ನಡುವೆ ಇಷ್ಟ ಬಂದಂತೆ ತಿಂದಿದ್ದರೂ, ಬಿಟ್ಟಿದ್ದರೂ ರಕ್ಷಣೆ ಉಳಿದಿತ್ತು.

ನಿಮ್ಮ ಮಗಳಿಗೆ ಇರುವುದು ಎಕ್ಸಿಮಾನೇ ಇರಬೇಕು. ಅಂಥ ಮಕ್ಕಳಿಗೇ ಇದರಿಂದ ಜಾಸ್ತಿ ಲಾಭ. ಅಂಥ ಮಕ್ಕಳಲ್ಲೇ ಮೊದಲು ಡಾಕ್ಟರನ್ನು ಕೇಳಿ ಕೊಡಬೇಕು ಅನ್ನುವುದೂ ಅಷ್ಟೇ ಮುಖ್ಯ.

ಶಾರದಜ್ಜಿ (ತುಮಕೂರು)

ನನಗೆ ಎಪ್ಪತ್ತು ದಾಟಿದೆ. ಐದು ಮೊಮ್ಮಕ್ಕಳಿಗೆ ಸರಿ ತಿನ್ನಿಸಿದ್ದೇನೆ. ನಮ್ಮ ಕಾಲದಲ್ಲಿ ಈ ಅಲರ್ಜಿ ಅನ್ನುವ ಮಾತನ್ನೇ ಕೇಳಿರಲಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸುವುದು. ಆಮೇಲೆ ತೆಳು ಪಂಚೆಯಲ್ಲಿ ಹಿಟ್ಟು ಜಾಲಿಸುವುದು. ಅದರ ಜೊತೆಗೇ ಹೆಸರುಬೇಳೆ, ಗೋಧಿ, ಕಡಲೆಬೀಜ, ನಾಲ್ಕು ಬಾದಾಮಿ. ಅದನ್ನು ತಿಂದು ಬೆಳೆದವರೇ ಈಗ ಇಂಟರ್ನೆಟ್‌ನಲ್ಲಿ ಕೂತು ಕಡಲೆಬೀಜ ಕೊಡಬಹುದಾ ಅಂತ ಕೇಳುತ್ತಿದ್ದೀರಿ. ನಗು ಬರುತ್ತದಮ್ಮ.

ಮಕ್ಕಳ_ಡಾಕ್ಟ್ರು (ಹಾಸನ)

ಅಜ್ಜಿ, ನಿಮ್ಮ ಸರಿ ಹಿಟ್ಟಿನ ಲೆಕ್ಕ ಈ ಪ್ರಯೋಗಗಳಿಗೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ನಮ್ಮಲ್ಲಿ ಅಲರ್ಜಿಯೇ ಇರಲಿಲ್ಲ ಅನ್ನಲು ಬರುವುದಿಲ್ಲ. ಹಾಲು ಕುಡಿದಾಗಲೆಲ್ಲ ವಾಂತಿ ಆದರೆ "ಮಗೂಗೆ ಹಾಲು ಒಗ್ಗಲ್ಲ" ಅನ್ನುತ್ತಿದ್ದರು. ಮೈಮೇಲೆ ಗಂಧೆ ಎದ್ದರೆ ಪಿತ್ತ ಅನ್ನುತ್ತಿದ್ದರು. ಲೆಕ್ಕ ಇಟ್ಟವರು ಯಾರು?

ಬೆಂಗಳೂರು, ಮೈಸೂರು ಕಡೆಯ ದೊಡ್ಡವರಲ್ಲಿ ನಡೆಸಿದ ಸಮೀಕ್ಷೆ 2016ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಅನ್ನುವ ಅಲರ್ಜಿಯ ಪ್ರತಿಕಾಯ ಕಂಡದ್ದು ಸುಮಾರು ನಾಲ್ಕರಲ್ಲಿ ಒಬ್ಬರಿಗೆ. ನಿಜವಾಗಿ ಅಲರ್ಜಿ ಇರಬಹುದು ಅನ್ನಿಸಿದ್ದು ನೂರಕ್ಕೆ ಒಬ್ಬರ ಆಸುಪಾಸು. ಅಂದರೆ ಕಡಿಮೆ, ಆದರೆ ಇದೆ. ಈ ಎರಡು ಅಂಕಿಗಳ ನಡುವಿನ ಅಂತರ ನೆನಪಿಡಿ, ರಕ್ತ ಪರೀಕ್ಷೆಯ ಮಾತು ಬಂದಾಗ ಬೇಕಾಗುತ್ತದೆ.

ಚಿಗುರಮ್ಮ ಅವರೇ, ನಿಮ್ಮ ಮಗಳ ವಿಷಯದಲ್ಲಿ ಮೊದಲ ಕೆಲಸ ಚರ್ಮದ್ದು. ಲ್ಯಾಕ್ ಅವರ ವಾದ ಹೀಗೆ: ಆಹಾರ ಹೊಟ್ಟೆಯ ಮೂಲಕ ಮೊದಲು ಪರಿಚಯ ಆದರೆ ದೇಹ ಅದನ್ನು ಒಪ್ಪಿಕೊಳ್ಳಲು ಕಲಿಯುತ್ತದೆ, ಒಡೆದ ಚರ್ಮದ ಮೂಲಕ ಮೊದಲು ಪರಿಚಯ ಆದರೆ ಶತ್ರು ಅಂತ ಗುರುತಿಟ್ಟುಕೊಳ್ಳುತ್ತದೆ. ಬಾಗಿಲು ತಟ್ಟಿ ಬಂದ ನೆಂಟನಿಗೂ ಗೋಡೆ ಹಾರಿ ಬಂದವನಿಗೂ ಇರುವ ವ್ಯತ್ಯಾಸ ಅನ್ನಿ. ಮಕ್ಕಳ ಮೈಗೆ ಹಚ್ಚುವ ಕೆಲವು ಕ್ರೀಮುಗಳಲ್ಲಿ ಕಡಲೆಕಾಯಿ ಎಣ್ಣೆ ಇರುತ್ತಿತ್ತು. ಅದಕ್ಕೂ ಕಡಲೆಕಾಯಿ ಅಲರ್ಜಿಗೂ ನಂಟು ಇದೆ ಅಂತ ಬ್ರಿಟನ್ನಿನ ಮಕ್ಕಳಲ್ಲಿ 2003ರಲ್ಲೇ ಕಂಡಿತ್ತು.

ಇದನ್ನು ನಮ್ಮ ಎಣ್ಣೆ-ನೀರಿಗೆ ತಂದು ನೋಡಿ. ಮಗುವಿಗೆ ಬಾದಾಮಿ ಎಣ್ಣೆ ಉಜ್ಜಿ, ಕಡಲೆಹಿಟ್ಟು ಹಚ್ಚಿ ತಿಕ್ಕುತ್ತೇವೆ. ಕಡಲೆಹಿಟ್ಟಿನಿಂದ ಕಡಲೆ ಅಲರ್ಜಿ ಬರುತ್ತದೆ ಅಂತ ಸಾಬೀತಾಗಿಲ್ಲ. ಚರ್ಮ ಚೆನ್ನಾಗಿರುವ ಮಗುವಿಗೆ ನಾನು ಬೇಡ ಅನ್ನುವುದಿಲ್ಲ. ಕೆಂಪಾಗಿ, ಒಡೆದು, ರಸ ಸೋರುವ ಜಾಗಕ್ಕೆ ಮಾತ್ರ ತಿನ್ನುವ ಪದಾರ್ಥ ಯಾವುದನ್ನೂ ಹಚ್ಚಬೇಡಿ. ತಿಕ್ಕಿದರೆ ಎಕ್ಸಿಮಾ ಹೇಗೂ ಕೆದರುತ್ತದೆ. ಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಒದ್ದೆ ಆರುವ ಮುಂಚೆ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಡಾಕ್ಟರು ಸ್ಟಿರಾಯ್ಡ್ ಮುಲಾಮು ಬರೆದರೆ ಹೆದರಿ ಪಕ್ಕಕ್ಕಿಡಬೇಡಿ. ಕೈಯಲ್ಲಿ ಶೇಂಗಾ ಪುಡಿ ಇದ್ದಾಗ ಮಗುವಿನ ಕೆನ್ನೆ ಸವರುವುದೂ ಬೇಡ.

ಅಮೆರಿಕದ 2017ರ ಮಾರ್ಗಸೂಚಿ ಮಕ್ಕಳನ್ನು ಮೂರು ಗುಂಪು ಮಾಡಿದೆ. ಎಕ್ಸಿಮಾ ಜೋರಾಗಿದ್ದರೆ ಅಥವಾ ಮೊಟ್ಟೆ ಅಲರ್ಜಿ ಇದ್ದರೆ, ಟೆಸ್ಟ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ 4ರಿಂದ 6 ತಿಂಗಳಲ್ಲಿ ಕಡಲೆಕಾಯಿ ಶುರು. ಸಾಧಾರಣ ಎಕ್ಸಿಮಾ ಆದರೆ ಆರು ತಿಂಗಳ ಹೊತ್ತಿಗೆ ಮನೆಯಲ್ಲೇ. ಏನೂ ಇಲ್ಲದಿದ್ದರೆ ಉಳಿದ ಊಟದ ಜೊತೆಗೇ. ನಿಮ್ಮ ಮಗಳು ಯಾವ ಗುಂಪು ಅನ್ನುವುದನ್ನು ಚರ್ಮ ಕಣ್ಣಾರೆ ನೋಡಿದವರೇ ಹೇಳಬೇಕು.

ಶೇಂಗಾ_ಹಿಂಡಿ (ಧಾರವಾಡ)

ಮಾಡುವುದು ಹೇಗೆ ಅಂತ ನಾನು ಹೇಳುತ್ತೇನೆ, ನಮ್ಮ ಕಡೆ ಶೇಂಗಾ ಇಲ್ಲದ ಡಬ್ಬಿ ಇಲ್ಲ.

ಮೊದಲು ಬೀಜ ಆರಿಸಿ. ಸುಕ್ಕಾದದ್ದು, ಕಪ್ಪಾದದ್ದು, ಬೂಸ್ಟು ಹಿಡಿದದ್ದು, ಕಹಿ ಬಂದದ್ದು ತೆಗೆದುಹಾಕಿ. ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ, ಹುರಿದರೂ ಪೂರ್ತಿ ಹೋಗಲ್ಲ. ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಕೈಯಲ್ಲಿ ಉಜ್ಜಿ ಸಿಪ್ಪೆ ಊದಿ. ಚಿಕ್ಕ ಜಾರಿನಲ್ಲಿ ಬಿಟ್ಟು ಬಿಟ್ಟು ತಿರುವಿ. ಮೊದಲು ಪುಡಿ ಆಗುತ್ತದೆ, ಆಮೇಲೆ ಗೋಡೆಗೆ ಅಂಟಿಕೊಳ್ಳುತ್ತದೆ. ಕೆರೆದು ಮತ್ತೆ ತಿರುವಿದರೆ ಎಣ್ಣೆ ಬಿಟ್ಟು ನುಣ್ಣಗಾಗುತ್ತದೆ. ಬೆರಳ ನಡುವೆ ತಿಕ್ಕಿ ನೋಡಿ, ತರಿ ಸಿಗಬಾರದು. ಉಪ್ಪು, ಬೆಲ್ಲ, ಖಾರ ಏನೂ ಬೇಡ. ಆ ಪೇಸ್ಟನ್ನು ಹಾಗೇ ಬಾಯಿಗಿಟ್ಟರೆ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಕಾಯಿಸಿ ಆರಿಸಿದ ಬೆಚ್ಚಗಿನ ನೀರಲ್ಲೋ ಎದೆಹಾಲಲ್ಲೋ ಕದಡಿ, ಚಮಚದಿಂದ ಜಾರುವಷ್ಟು ತೆಳ್ಳಗೆ ಮಾಡಿ ರಾಗಿ ಸರಿಗೆ ಬೆರೆಸಿ.

ಮೊದಲ ದಿನ ಚಮಚದ ತುದಿಯಷ್ಟು. ಹತ್ತು ನಿಮಿಷ ನೋಡಿ, ಏನೂ ಆಗದಿದ್ದರೆ ಉಳಿದದ್ದನ್ನು ನಿಧಾನಕ್ಕೆ ಕೊಡಿ. ಬೆಳಿಗ್ಗೆ ಹೊತ್ತು ಕೊಡಿ, ರಾತ್ರಿ ಮಲಗಿಸುವ ಮುಂಚೆ ಅಲ್ಲ. ಮಗುವಿಗೆ ಜ್ವರ, ಭೇದಿ ಇರುವ ದಿನ ಬೇಡ.

ಇಎನ್‌ಟಿ_ಸಿಸ್ಟರ್ (ಹುಬ್ಬಳ್ಳಿ)

ಪೇಸ್ಟ್ ಅಂದಿದ್ದೀರಲ್ಲ, ಅದನ್ನು ಇನ್ನೂ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಚಿಕ್ಕ ಮಕ್ಕಳ ಶ್ವಾಸನಾಳದಿಂದ ನಾವು ಅತಿ ಹೆಚ್ಚು ಹೊರಗೆ ತೆಗೆಯುವ ವಸ್ತು ಕಡಲೆಬೀಜ. ಎಕ್ಸ್‌ರೇಯಲ್ಲಿ ಬೀಜ ಕಾಣಿಸುವುದಿಲ್ಲ. ಅಮ್ಮಂದಿರು ಕೆಮ್ಮು ಅಂತ ವಾರಗಟ್ಟಲೆ ಸಿರಪ್ ಕೊಟ್ಟು, ಒಂದು ಕಡೆ ಶ್ವಾಸಕೋಶ ಕಟ್ಟಿದ ಮೇಲೆ ಬರುತ್ತಾರೆ. ಐದು ವರ್ಷದವರೆಗೆ ಇಡೀ ಬೀಜ, ಒಡೆದ ಬೀಜ, ಹುರಿಗಡಲೆ ಯಾವುದೂ ಬೇಡ. ಸಂಕ್ರಾಂತಿಯಲ್ಲಿ ಎಳ್ಳು-ಬೆಲ್ಲ ಬೀರಲು ಬಂದವರು ಮಗುವಿನ ಬಾಯಿಗೆ ನಾಲ್ಕು ಕಾಳು ಹಾಕುತ್ತಾರೆ. ಅಲ್ಲೇ ತಡೆಯಿರಿ, ಅವರಿಗೆ ಬೇಜಾರಾದರೆ ಆಗಲಿ.

ಮೈಸೂರು_ಸುಮ

ನನ್ನ ಪ್ರಶ್ನೆ ಬೇರೆ. ಐದು ತಿಂಗಳಿಗೇ ಒಂದು ಲ್ಯಾಬಿನವರು "ಫುಡ್ ಅಲರ್ಜಿ ಪ್ಯಾನಲ್" ಮಾಡಿಕೊಟ್ಟರು. ಗೋಧಿ, ಹಾಲು, ಮೊಟ್ಟೆ, ತೊಗರಿ, ಬಾಳೆಹಣ್ಣು ಎಲ್ಲ ಪಾಸಿಟಿವ್. ಮಗುವಿಗೆ ಏನೂ ತೊಂದರೆ ಇಲ್ಲ. ಆದರೂ ಎಲ್ಲ ನಿಲ್ಲಿಸಿದ್ದೇವೆ. ಈಗ ಬರೀ ಅಕ್ಕಿ ಗಂಜಿ.

ಮಕ್ಕಳ_ಡಾಕ್ಟ್ರು (ಹಾಸನ)

ಮೇಲೆ ಹೇಳಿದ ಎರಡು ಅಂಕಿ ಇದಕ್ಕೇ. ಪಾಸಿಟಿವ್ ಬಂದವರಲ್ಲಿ ಬಹಳ ಜನ ಆ ಪದಾರ್ಥ ತಿಂದು ಆರಾಮಾಗಿರುತ್ತಾರೆ. ಅದರಲ್ಲೂ ಆ ರಿಪೋರ್ಟಿನಲ್ಲಿ ಐಜಿಇ ಬದಲು ಐಜಿಜಿ (ಬೇರೆ ಬಗೆಯ ಪ್ರತಿಕಾಯ) ಅಂತ ಬರೆದಿದ್ದರೆ ಅಲರ್ಜಿಯ ಮಟ್ಟಿಗೆ ಅದಕ್ಕೆ ಬೆಲೆಯೇ ಇಲ್ಲ. ತಿಂದ ಪದಾರ್ಥಕ್ಕೆಲ್ಲ ಅದು ಬರುತ್ತದೆ. ಲಕ್ಷಣ ಇಲ್ಲದ ಮಗುವಿಗೆ ಸುಮ್ನೆ ಪ್ಯಾನಲ್ ಮಾಡಿಸಬಾರದು.

ಇನ್ನೊಂದು ತೊಂದರೆ ಏನೆಂದರೆ, ಎಕ್ಸಿಮಾ ಇರುವ ಮಗು ತಿಂದು ದಕ್ಕಿಸಿಕೊಳ್ಳುತ್ತಿದ್ದ ಆಹಾರವನ್ನು ರಿಪೋರ್ಟ್ ನೋಡಿ ತಿಂಗಳುಗಟ್ಟಲೆ ನಿಲ್ಲಿಸಿದರೆ, ಮತ್ತೆ ಕೊಟ್ಟಾಗ ನಿಜವಾದ ಅಲರ್ಜಿ ಎದ್ದಿರುವುದು ಉಂಟು. ಹಾಗಾಗಿ ಈಗ ನೀವೇ ಮನೆಯಲ್ಲಿ ಒಂದೊಂದಾಗಿ ಶುರು ಮಾಡಬೇಡಿ. ಅಲರ್ಜಿ ಗೊತ್ತಿರುವ ಮಕ್ಕಳ ಡಾಕ್ಟರಿಗೆ ರಿಪೋರ್ಟ್ ತೋರಿಸಿ, ಬೇಗ. ಬರೀ ಗಂಜಿಯಲ್ಲಿ ಮಗು ಸೊರಗುತ್ತದೆ.

ಮೆಲ್ಬರ್ನ್_ಕನ್ನಡತಿ

ನಮ್ಮೂರನ್ನು ಅಲರ್ಜಿಯ ರಾಜಧಾನಿ ಅನ್ನುತ್ತಾರೆ. ಹೆಲ್ತ್‌ನಟ್ಸ್ ಅನ್ನುವ ಅಧ್ಯಯನದಲ್ಲಿ ಇಲ್ಲಿನ ಒಂದು ವರ್ಷದ ಮಕ್ಕಳನ್ನು ಆಸ್ಪತ್ರೆಯಲ್ಲಿ ಕೂರಿಸಿ ತಿನ್ನಿಸಿಯೇ ಪರೀಕ್ಷೆ ಮಾಡಿದರು. ಹತ್ತರಲ್ಲಿ ಒಂದಕ್ಕಿಂತ ಜಾಸ್ತಿ ಮಕ್ಕಳಿಗೆ ಅಲರ್ಜಿ, ಅದರಲ್ಲಿ ಮೊಟ್ಟೆಯದೇ ಮುಂದು. ಇನ್ನೊಂದು ವಿಚಿತ್ರವೂ ಕಂಡಿತು. ಏಷ್ಯಾದಲ್ಲಿ ಹುಟ್ಟಿ ಆಮೇಲೆ ಇಲ್ಲಿಗೆ ಬಂದ ಮಕ್ಕಳಲ್ಲಿ ಬೀಜಗಳ ಅಲರ್ಜಿ ಕಡಿಮೆ. ಏಷ್ಯಾದ ತಾಯಂದಿರಿಗೆ ಇಲ್ಲೇ ಹುಟ್ಟಿದ ಮಕ್ಕಳಲ್ಲಿ ಜಾಸ್ತಿ. "ನಮ್ಮ ರಕ್ತದಲ್ಲೇ ಇಲ್ಲ" ಅನ್ನುವ ನೆಂಟರಿಗೆ ನಾನು ಇದನ್ನೇ ಹೇಳುತ್ತೇನೆ. ಇಲ್ಲಿನ ಸಲಹೆ: ಆರು ತಿಂಗಳ ಸುಮಾರಿಗೆ, ನಾಲ್ಕು ತಿಂಗಳಿಗಿಂತ ಮುಂಚೆ ಅಲ್ಲ, ಗಟ್ಟಿ ಆಹಾರ ಶುರು. ವರ್ಷದೊಳಗೆ ಕಡಲೆಕಾಯಿ, ಚೆನ್ನಾಗಿ ಬೇಯಿಸಿದ ಮೊಟ್ಟೆ ಎರಡೂ ಆಗಿರಬೇಕು. ಆಮೇಲೆ ವಾರಕ್ಕೆರಡು ಸಲ ಮುಂದುವರಿಸಬೇಕು.

ನನ್ನ ಮಗನಿಗೆ ಮೊಟ್ಟೆ ಕೊಟ್ಟಾಗ ಬಾಯಿ ಸುತ್ತ ಶುರುವಾದ ಗಂಧೆ ಹೊಟ್ಟೆವರೆಗೆ ಎದ್ದಿತು, ಒಂದು ಸಲ ವಾಂತಿ. ಆಂಬುಲೆನ್ಸ್ ಬಂತು, ಸಂಜೆಗೆ ಮನೆಗೆ ಬಂದೆವು. ಬೇಗ ಕೊಟ್ಟರೂ ಕೆಲವರಿಗೆ ಬರುತ್ತದೆ. ಅದನ್ನೂ ಹೇಳಬೇಕಲ್ವಾ.

ಗೆಳತಿಯ ಮಗುವಿಗೆ ಆಗಿದ್ದು ಇನ್ನೊಂದು ಬಗೆ. ಅನ್ನ ತಿಂದು ಎರಡು ಗಂಟೆ ಆದ ಮೇಲೆ ಒಂದರ ಹಿಂದೆ ಒಂದು ವಾಂತಿ, ಮಗು ಬಿಳುಚಿಕೊಂಡು ಸುಸ್ತು. ಗಂಧೆ ಇಲ್ಲ, ಟೆಸ್ಟೂ ನೆಗೆಟಿವ್. ಎಫ್‌ಪೈಸ್ ಅನ್ನುತ್ತಾರೆ, ಇಲ್ಲಿ ಅಕ್ಕಿಯಿಂದ ಜಾಸ್ತಿ. ಪ್ರತಿ ಸಲ ಅದೇ ಆಹಾರ, ಅದೇ ಹೊತ್ತಿಗೆ ವಾಂತಿ ಆದರೆ ಹೊಟ್ಟೆ ಕೆಟ್ಟಿದೆ ಅಂತ ಸುಮ್ಮನಾಗಬೇಡಿ.

ಚಿಗುರಮ್ಮ (ಬೆಂಗಳೂರು)

ಓದಿ ಧೈರ್ಯವೂ ಬಂತು, ಭಯವೂ ಬಂತು. ಕೆಂಪಾದ ತಕ್ಷಣ ಓಡಬೇಕಾ? ಟೊಮೆಟೊ ರಸ ತಗುಲಿದರೂ ಇವಳ ಗದ್ದ ಕೆಂಪಾಗುತ್ತದೆ.

ಮಕ್ಕಳ_ಡಾಕ್ಟ್ರು (ಹಾಸನ)

ಟೊಮೆಟೊ, ಕಿತ್ತಳೆ ತಗುಲಿದ ಜಾಗ ಮಾತ್ರ ಕೆಂಪಾಗಿ, ತೊಳೆದ ಮೇಲೆ ಹೋದರೆ ಅದು ಚರ್ಮದ ಉರಿ. ತಿನ್ನಿಸುವ ಮುಂಚೆ ಬಾಯಿ ಸುತ್ತ ತೆಳುವಾಗಿ ವ್ಯಾಸಲಿನ್ ಹಚ್ಚಿದರೆ ಗೊಂದಲ ಕಡಿಮೆ.

ಹೆದರಬೇಕಾದದ್ದು ಬೇರೆ. ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣುತ್ತದೆ. ಮೈಮೇಲೆಲ್ಲ ಗಂಧೆ, ತುಟಿ-ಕಣ್ಣು ಊತ, ಮತ್ತೆ ಮತ್ತೆ ವಾಂತಿ. ಗೊರಗೊರ ಉಸಿರು, ಬಿಡದ ಕೆಮ್ಮು, ಅಳುವ ಧ್ವನಿ ಬದಲಾಗುವುದು, ಮಗು ಬಿಳುಚಿ ಜೋತುಬೀಳುವುದು ಕಂಡರೆ ಒಂದು ಕ್ಷಣವೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಓಡಿ. ಮಗುವನ್ನು ಮಲಗಿಸಿಯೇ ಒಯ್ಯಿರಿ, ಹೆಗಲ ಮೇಲೆ ನೆಟ್ಟಗೆ ಎತ್ತಿಕೊಳ್ಳಬೇಡಿ. ಅಲ್ಲಿ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್. ವಿದೇಶದಲ್ಲಿ ಅಮ್ಮಂದಿರ ಬ್ಯಾಗಿನಲ್ಲಿರುವ, ಅದೇ ಔಷಧ ಚುಚ್ಚುವ ಪೆನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಅಲರ್ಜಿಯ ಸಿರಪ್ ತುರಿಕೆ ಇಳಿಸುತ್ತದೆ, ಜೀವ ಉಳಿಸುವುದಿಲ್ಲ.

ಹವ್ಯಕ_ಮಾಣಿ (ಶಿರಸಿ)

ನಮ್ಮನೆಯಲ್ಲಿ ಮೊಟ್ಟೆ ಒಳಗೇ ಬರುವುದಿಲ್ಲ. ಅಲರ್ಜಿ ತಡೆಯುವುದಕ್ಕೆ ಅಂತ ಮೊಟ್ಟೆ ತಿನ್ನಿಸಬೇಕಾ? ಆಯಿ ಮನೆ ಬಿಟ್ಟು ಹೋಗುತ್ತಾರೆ.

ಲಂಡನ್_ಗೌಡ (ಊರು ಮಂಡ್ಯ)

ಮನೆಯಲ್ಲಿ ಏನು ತಿನ್ನುತ್ತೀರೋ ಅದನ್ನು ತಡ ಮಾಡದೆ ಕೊಡಿ, ನನ್ನ ಮಟ್ಟಿಗೆ ಅಷ್ಟು ಸಾಕು. ನಿಮಗೆ ಅದು ಹಾಲು-ಮೊಸರು, ಗೋಧಿ, ಶೇಂಗಾ, ಎಳ್ಳು, ಗೇರುಬೀಜ. ಮುಂದೆ ಬೇಕರಿ ಕೇಕ್ ತಿನ್ನುವ ಹುಡುಗ ಆಗುತ್ತಾನೆ ಅಂತ ಅನ್ನಿಸಿದರೆ ಮಾತ್ರ ಯೋಚಿಸಿ. ಒಂದು ಸಲ ಶುರು ಮಾಡಿದರೆ ಬಿಡದೆ ಮುಂದುವರಿಸಬೇಕು.

ಮಕ್ಕಳ_ಡಾಕ್ಟ್ರು (ಹಾಸನ)

ಎಕ್ಸಿಮಾ ಇರುವ ಮಗು, ಮೊಟ್ಟೆ ತಿನ್ನುವ ಮನೆ ಆದರೆ ನಾನು ಇಷ್ಟು ಸಲೀಸಾಗಿ ಬಿಡುವುದಿಲ್ಲ. ಜಪಾನಿನ ಪೆಟಿಟ್ ಪ್ರಯೋಗ 2017ರಲ್ಲಿ ಬಂತು. ಎಕ್ಸಿಮಾ ಇದ್ದ ಮಕ್ಕಳ ಚರ್ಮ ಮೊದಲು ಹತೋಟಿಗೆ ತಂದು, ಆರು ತಿಂಗಳಿಂದ ದಿನಾ ಚಿಟಿಕೆಯಷ್ಟು ಬೇಯಿಸಿದ ಮೊಟ್ಟೆಯ ಪುಡಿ ಕೊಟ್ಟರು. ವರ್ಷ ತುಂಬಿದಾಗ ಅವರಲ್ಲಿ ಶೇ. 8ಕ್ಕೆ ಮೊಟ್ಟೆ ಅಲರ್ಜಿ, ಕೊಡದವರಲ್ಲಿ ಶೇ. 38ಕ್ಕೆ. ವ್ಯತ್ಯಾಸ ಎಷ್ಟು ಎದ್ದು ಕಂಡಿತೆಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಹಸಿ ಮೊಟ್ಟೆಯ ಪುಡಿ ಬಳಸಿದ ಬೇರೆ ಪ್ರಯೋಗಗಳಲ್ಲಿ ಮಕ್ಕಳಿಗೆ ಜೋರು ರಿಯಾಕ್ಷನ್ ಆಗಿತ್ತು. ಅದಕ್ಕೇ ಹಾಫ್ ಬಾಯಿಲ್ ಬೇಡ, ಪೂರ್ತಿ ಬೆಂದದ್ದು ನುರಿದು ಕೊಡಿ.

ದಾವಣಗೆರೆ_ಬೆಣ್ಣೆ

ಬಾಣಂತನದಲ್ಲಿ ನನಗೆ ಶೇಂಗಾ, ಬದನೆ, ಮೊಸರು ಎಲ್ಲ ಬಂದ್ ಮಾಡಿದ್ದರು, ಮಗುವಿಗೆ ನಂಜು ಆಗುತ್ತದೆ ಅಂತ. ಅದರಿಂದ ಅಲರ್ಜಿ ತಡೆಯುತ್ತದಾ? ಮತ್ತೆ ನಾಲ್ಕೇ ತಿಂಗಳಿಗೆ ಶುರು ಮಾಡಿದರೆ ಇನ್ನೂ ಒಳ್ಳೆಯದಲ್ವಾ?

ಮಕ್ಕಳ_ಡಾಕ್ಟ್ರು (ಹಾಸನ)

ಪಥ್ಯದಿಂದ ಅಲರ್ಜಿ ತಡೆಯುವುದಿಲ್ಲ. ಹಾಲುಣಿಸುವವರು ಹೊಟ್ಟೆ ತುಂಬ ಎಲ್ಲ ತಿನ್ನಿ.

ನಾಲ್ಕು ತಿಂಗಳ ಮಾತು ಸ್ವಲ್ಪ ಜಟಿಲ. ಬ್ರಿಟನ್ನಿನ ಈಟ್ ಪ್ರಯೋಗದಲ್ಲಿ ಎದೆಹಾಲು ಕುಡಿಯುವ 1,303 ಮಕ್ಕಳಲ್ಲಿ ಒಂದು ಗುಂಪಿಗೆ ಮೂರು ತಿಂಗಳಿಂದಲೇ ಆರು ಬಗೆಯ ಆಹಾರ ಕೊಡಲು ಹೇಳಿದರು. ಹೇಳಿದಂತೆ ಪೂರ್ತಿ ತಿನ್ನಿಸಿದ ಮನೆಗಳಲ್ಲಿ ಕಡಲೆಕಾಯಿ, ಮೊಟ್ಟೆ ಅಲರ್ಜಿ ಕಡಿಮೆ ಕಂಡಿತು. ಆದರೆ ಅರ್ಧಕ್ಕಿಂತ ಹೆಚ್ಚು ಮನೆಯವರಿಗೆ ಅಷ್ಟು ತಿನ್ನಿಸಲು ಆಗಲೇ ಇಲ್ಲ. ನಮ್ಮಲ್ಲಿ ನೀರು, ಪಾತ್ರೆ, ಭೇದಿ ಇವುಗಳ ಲೆಕ್ಕವೂ ಇದೆ. ಆರು ತಿಂಗಳು ಬರೀ ಎದೆಹಾಲು ಅನ್ನುವುದನ್ನು ಎಲ್ಲರಿಗೂ ಮುರಿಯಲು ನಾನು ಹೇಳುವುದಿಲ್ಲ. ಎಕ್ಸಿಮಾ ತುಂಬ ಜೋರಿರುವ, ಕತ್ತು ನಿಂತಿರುವ ಮಗುವಿಗೆ ಮಾತ್ರ ಬೇರೆ ತೀರ್ಮಾನ. ಆರು ತಿಂಗಳಾದ ಮೇಲೆ "ಇನ್ನೂ ಎಳೆ ಮಗು" ಅಂತ ಮುಂದೂಡುವುದೇ ನಮ್ಮಲ್ಲಿ ಜಾಸ್ತಿ ಕಾಣುವ ತೊಂದರೆ. ಜೇನುತುಪ್ಪ ಮಾತ್ರ ವರ್ಷದವರೆಗೆ ಬೇಡವೇ ಬೇಡ, ಅದು ಅಲರ್ಜಿಗಲ್ಲ, ಬೊಟುಲಿಸಂ ವಿಷದ ಭಯಕ್ಕೆ.

ಶಾರದಜ್ಜಿ (ತುಮಕೂರು)

ಹಾಗಾದರೆ ನನ್ನ ಸರಿ ಹಿಟ್ಟು ಸರಿಯಾ, ತಪ್ಪಾ? ನೇರ ಹೇಳಪ್ಪ.

ಮಕ್ಕಳ_ಡಾಕ್ಟ್ರು (ಹಾಸನ)

ಪದಾರ್ಥ ಎಲ್ಲ ಸರಿ ಅಜ್ಜಿ, ಮೊದಲ ದಿನವೇ ಎಲ್ಲ ಒಟ್ಟಿಗೆ ಬೇಡ. ಎಂಟು ಪದಾರ್ಥ ಇರುವ ಹಿಟ್ಟು ತಿಂದು ಗಂಧೆ ಎದ್ದರೆ ಯಾವುದರಿಂದ ಅಂತ ಹುಡುಕುವುದು ಹೇಗೆ? ಮೊದಲು ಬರೀ ರಾಗಿ. ಆಮೇಲೆ ಶೇಂಗಾ, ಗೋಧಿ, ಬಾದಾಮಿ, ಗೋಡಂಬಿ, ಎಳ್ಳು ಒಂದೊಂದಾಗಿ, ನಡುವೆ ಒಂದೆರಡು ದಿನ ಬಿಟ್ಟು. ಎಲ್ಲ ಒಗ್ಗಿದ ಮೇಲೆ ನಿಮ್ಮ ಹಿಟ್ಟನ್ನೇ ಡಬ್ಬಿ ತುಂಬ ಮಾಡಿಡಿ. ವಾರಕ್ಕೆ ಎರಡು-ಮೂರು ಸಲ ಮರೆಯದೆ ಕೊಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಲೀಪ್ ಮಕ್ಕಳಿಗೆ ವಾರಕ್ಕೆ 6 ಗ್ರಾಂ ಕಡಲೆಕಾಯಿ ಪ್ರೋಟೀನ್ ಕೊಟ್ಟಿದ್ದರು. ಬೀಜದ ಲೆಕ್ಕದಲ್ಲಿ ಒಂದು ಸಲಕ್ಕೆ ಸುಮಾರು 8 ಗ್ರಾಂನಂತೆ ವಾರಕ್ಕೆ ಮೂರು ಸಲ.

ಚಿಗುರಮ್ಮ (ಬೆಂಗಳೂರು)

ನಮ್ಮ ಡಾಕ್ಟರು ಚರ್ಮ ನೋಡಿ ಸಾಧಾರಣ ಎಕ್ಸಿಮಾ ಅಂದರು. ಮುಲಾಮು ಕೊಟ್ಟಿದ್ದಾರೆ, ಕೆಂಪು ಇಳಿದ ಮೇಲೆ ಮನೆಯಲ್ಲೇ ಶುರು ಮಾಡಿ, ಟೆಸ್ಟ್ ಬೇಡ ಅಂದರು. ಅತ್ತೆಗೆ ಶಾರದಮ್ಮನವರ ಮಾತು ಓದಿ ಹೇಳಿದೆ, ಕಡಲೆಬೀಜ ಆರಿಸಲು ಅವರೇ ಕೂತಿದ್ದಾರೆ. ಒಂದೇ ಸಂಶಯ ಉಳಿದಿದೆ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಇದೆಯಲ್ಲ, ಅಷ್ಟರಲ್ಲಿ ಮೊಟ್ಟೆ ಅಲರ್ಜಿ ಅಂತ ಗೊತ್ತಾದರೆ ಲಸಿಕೆ ಹಾಕಿಸಬಾರದಂತೆ?

ಮಕ್ಕಳ_ಡಾಕ್ಟ್ರು (ಹಾಸನ)

ಹಾಕಿಸಬಹುದು. ದಡಾರದ ಕೆಲವು ಲಸಿಕೆಗಳನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸುತ್ತಾರೆ, ಅವುಗಳಲ್ಲೂ ಮೊಟ್ಟೆಯ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಫ್ಲೂ ಲಸಿಕೆಗೂ ಅಡ್ಡಿಯಿಲ್ಲ. ಆಫ್ರಿಕಾ ಕಡೆ ಹೋಗುವವರು ಹಾಕಿಸಿಕೊಳ್ಳುವ ಹಳದಿ ಜ್ವರದ ಲಸಿಕೆಗೆ ಮಾತ್ರ ಮೊದಲು ಅಲರ್ಜಿ ಡಾಕ್ಟರನ್ನು ಕೇಳಬೇಕು. ಲಸಿಕೆ ಹಾಕಿಸುವ ದಿನ ಹೊಸ ಆಹಾರ ಶುರು ಮಾಡಬೇಡಿ, ಜ್ವರ ಬಂದರೆ ಯಾವುದರಿಂದ ಅಂತ ನಿಮಗೇ ಗೊಂದಲ ಆಗುತ್ತದೆ.